ಫೋನು, ಪೆನ್ ಟ್ಯಾಬ್ಲೆಟ್, ಐಪ್ಯಾಡ್: ದಿನವೂ ಚಿತ್ರ ಬಿಡಿಸುವವರು ಯಾವುದನ್ನು ಕೊಳ್ಳಬೇಕು?

ಕಾಸರಗೋಡು, ಮಂಜೇಶ್ವರದ ಕಡೆ ಡಿಜಿಟಲ್ ಚಿತ್ರ ಕಲಿಯಬೇಕೆಂದು ಆಸೆಪಡುವ ಹೆಚ್ಚಿನವರಿಗೆ ಅದು ಹೊಟ್ಟೆಪಾಡಿನ ಕೆಲಸವಲ್ಲ. ಶಾಲೆಯಲ್ಲಿ ಪಾಠ ಮಾಡಿ ಬಂದವರು, ಸಹಕಾರಿ ಬ್ಯಾಂಕಿನ ಲೆಕ್ಕ ಮುಗಿಸಿದವರು, ತೋಟಕ್ಕೆ ನೀರು ಬಿಟ್ಟು ಬಂದವರು, ವಿದ್ಯಾನಗರದ ಸರ್ಕಾರಿ ಕಾಲೇಜಿಗೆ ಹೋಗುವ ಮಕ್ಕಳು, ಅಡುಗೆಮನೆಯ ಕೆಲಸ ಮುಗಿದ ಮೇಲೆ ಸಿಗುವ ಬಿಡುವಿಗೆ ಕಾಯುವವರು. ದಿನಕ್ಕೆ ಸಿಗುವುದು 20 ನಿಮಿಷ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಇವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವುದು ಒಳ್ಳೆಯದು?" ಅದಕ್ಕೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ದಿನವಿಡೀ ಕೂತು ಬಿಡಿಸುವ ವೃತ್ತಿಪರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ದೊಡ್ಡ ಪರದೆ, ನಿಖರ ಬಣ್ಣ, ವೇಗದ ಪ್ರೊಸೆಸರ್ ಎಂದೆಲ್ಲ ಅಲ್ಲಿ ಲೆಕ್ಕ ಹಾಕುತ್ತಾರೆ.

ಹವ್ಯಾಸಿಯ ದಿನದ ಅಭ್ಯಾಸಕ್ಕೆ ನಾನು ಹಿಡಿಯುವ ಅಳತೆ ಬೇರೆ. ಬಿಡಿಸೋಣ ಅನ್ನಿಸಿದ ಗಳಿಗೆಯಿಂದ ಮೊದಲ ಗೆರೆ ಬೀಳುವ ತನಕ ಎಷ್ಟು ಹೊತ್ತು ಹಿಡಿಯುತ್ತದೆ? ಲ್ಯಾಪ್‌ಟಾಪ್ ತೆರೆದು, ಕೇಬಲ್ ಹುಡುಕಿ, ಪೆನ್ನನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ತಂತ್ರಾಂಶ ಎದ್ದು, ಅಪ್‌ಡೇಟ್ ಮುಗಿಯುವಷ್ಟರಲ್ಲಿ 20 ನಿಮಿಷದಲ್ಲಿ ಅರ್ಧ ಹೋಗಿರುತ್ತದೆ. ಎರಡು ದಿನ ಹೀಗಾದರೆ ಮೂರನೆಯ ದಿನ ಕೂರುವ ಮನಸ್ಸೇ ಬರುವುದಿಲ್ಲ. ಆದ್ದರಿಂದ ಮೊದಲು ನಿಮ್ಮ ದಿನವನ್ನು ನೋಡಿ, ಆಮೇಲೆ ಅಂಗಡಿಯನ್ನು ನೋಡಿ. ಎಲ್ಲಿ ಕೂರುತ್ತೀರಿ: ಮೇಜಿನ ಮುಂದೆಯೋ, ಜಗಲಿಯಲ್ಲೋ, ರೈಲಿನಲ್ಲೋ? ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ಇದೆಯೇ? ಆ ಹೊತ್ತಿಗೆ ಕರೆಂಟು ಇರುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಚಿತ್ರದ ಪೆನ್ನು ಎಂದರೆ ಒತ್ತಡ ಗುರುತಿಸುವ ಪೆನ್ನು. ಮೆಲ್ಲ ಒತ್ತಿದರೆ ತೆಳು ಗೆರೆ, ಬಲವಾಗಿ ಒತ್ತಿದರೆ ದಪ್ಪ ಗೆರೆ ಬರಬೇಕು. "ಎಲ್ಲ ಫೋನಿಗೂ ಆಗುತ್ತದೆ" ಎಂದು ಮಾರುವ ಅಗ್ಗದ ಪೆನ್ನುಗಳಲ್ಲಿ ಇದು ಇರುವುದಿಲ್ಲ. ಅವು ಬೆರಳಿನ ಬದಲಿಗೆ ತಾಗುವ ತುದಿ ಮಾತ್ರ. ಕೆಲವಕ್ಕೆ ಬ್ಯಾಟರಿ ಇದ್ದರೂ, ಚಾರ್ಜ್ ಮಾಡಬೇಕಾಗಿ ಬಂದರೂ, ಒತ್ತಡ ಮಾತ್ರ ಸಿಗದು.

ಫೋನು

ಜೇಬಿನಲ್ಲೇ ಇದೆ, ಬೇರೆ ಖರ್ಚಿಲ್ಲ. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಓದಲು, ದುಡಿಯಲು ಹೋಗುವವರು ನಮ್ಮಲ್ಲಿ ಎಷ್ಟೋ ಮಂದಿ. ಸೀಟು ಸಿಕ್ಕಿದರೆ ಅದೇ ಅಭ್ಯಾಸದ ಹೊತ್ತು. ಗೆರೆ ಬೀಳುವ ತನಕದ ಹೊತ್ತನ್ನು ಅಳೆದರೆ ಫೋನನ್ನು ಸೋಲಿಸುವ ಸಾಧನವೇ ಇಲ್ಲ.

ಆದರೆ ಫೋನಿನಲ್ಲಿ ಗೆರೆ ಕಲಿಯಲು ಹೊರಟರೆ ಬೇಸರವಾಗುವುದು ಖಂಡಿತ. ಬೆರಳಿನ ತುದಿ ತಾನು ಎಳೆಯುವ ಗೆರೆಯನ್ನೇ ಮುಚ್ಚುತ್ತದೆ. ಒತ್ತಡ ಇಲ್ಲ, ಪರದೆ ಚಿಕ್ಕದು, ಹಾಗಾಗಿ ಮೊಣಕೈ, ಭುಜ ಅಲುಗಾಡದೆ ಬೆರಳ ಗಂಟುಗಳಷ್ಟೇ ದುಡಿಯುತ್ತವೆ. ಕೈ ಬಿಗಿಯುವುದು ಹೀಗೆಯೇ. ಫೋನಿಗೆ ಒಗ್ಗುವ ಅಭ್ಯಾಸ ಬೇರೆ ಇದೆ: ಬಣ್ಣ ಮತ್ತು ಆಕಾರ. ಲ್ಯಾಸೊ ಎಂಬ ಸಾಧನದಿಂದ ಒಂದು ಆಕಾರವನ್ನು ಸುತ್ತು ಹಾಕಿ, ಅದರೊಳಗೆ ಒಂದೇ ಬಣ್ಣ ತುಂಬಿ. ಕಿಟಕಿಯಾಚೆ ಕಾಣುವುದನ್ನು ಐದಾರು ಬಣ್ಣದ ತುಂಡುಗಳಲ್ಲಿ ಹಿಡಿಯಲು ನೋಡಿ: ಆಕಾಶ ಒಂದು, ತೆಂಗಿನ ಸಾಲು ಒಂದು, ಹೊಳೆಯ ನೀರು ಒಂದು, ದಡದ ಮಣ್ಣು ಒಂದು. ಚಂದ್ರಗಿರಿ ಹೊಳೆಯ ನೀರು ಮಳೆಗಾಲದಲ್ಲಿ ಯಾವ ಬಣ್ಣ, ಫೆಬ್ರವರಿಯಲ್ಲಿ ಯಾವ ಬಣ್ಣ ಎಂದು ಕೇಳಿದರೆ ಥಟ್ಟನೆ ಹೇಳುವವರು ಕಡಿಮೆ. ಹೀಗೆ ಬಣ್ಣದ ಕಣ್ಣು ಬೆಳೆಯಲು ಫೋನು ಧಾರಾಳ ಸಾಕು. ಐಬಿಸ್ ಪೇಂಟ್ ಎಂಬ ಆಪ್ ಉಚಿತವಾಗಿ ಸಿಗುತ್ತದೆ, ನಡುವೆ ಜಾಹೀರಾತು ಬರುತ್ತದೆ ಅಷ್ಟೆ. ಬಿಡಿಸಿದ ಕ್ರಮವನ್ನೆಲ್ಲ ಅದು ತಾನೇ ವಿಡಿಯೊ ಮಾಡಿ ಇಡುವುದರಿಂದ ಎಲ್ಲಿ ತಡವರಿಸಿದಿರಿ ಎಂದು ಆಮೇಲೆ ನೋಡಬಹುದು.

ಸ್ಯಾಮ್‌ಸಂಗ್‌ನ ನೋಟ್ ಸರಣಿಯ ಹಳೆಯ ಫೋನು ಅಥವಾ ಅಲ್ಟ್ರಾ ಸರಣಿಯಲ್ಲಿ ಪೆನ್ನು ಒಳಗೇ ಇರುವ ಫೋನು ಕೈಯಲ್ಲಿದ್ದರೆ ಮಾತು ಬೇರೆ. ಅದರ ಎಸ್ ಪೆನ್ ಒತ್ತಡವನ್ನು ಗುರುತಿಸುತ್ತದೆ.

ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರಿಗೆ ನಾನು ಹೇಳುವುದು ಇದನ್ನೇ, ಅದೂ ಗಟ್ಟಿಯಾಗಿ. ಕಪ್ಪು ಹಲಗೆಯ ಮೇಲೆ ಪೆನ್ನು ಓಡಿಸಿದರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆ ಬೀಳುತ್ತದೆ. ಜಪಾನಿನ ವಾಕಾಮ್ ಈ ಕ್ಷೇತ್ರದ ಹಳೆಯ ಹೆಸರು, 1983ರಲ್ಲಿ ಶುರುವಾದ ಕಂಪನಿ. ಚೀನಾದ ಹುಯಾನ್, ಎಕ್ಸ್‌ಪಿ-ಪೆನ್ ಆಮೇಲೆ ಬಂದು ಬೆಲೆಯನ್ನು ನಮ್ಮ ಕೈಗೆಟಕುವ ಹಾಗೆ ಇಳಿಸಿದವು. ಈಗ ಅಂದಾಜಿಗೆ ಚಿಕ್ಕದು 3,000ದಿಂದ 4,500 ರೂಪಾಯಿಗೆ, ಮಧ್ಯಮ ಅಳತೆಯದ್ದು 5,000ದಿಂದ 8,000ಕ್ಕೆ ಸಿಗುತ್ತದೆ. ಬೆಲೆ ಏರಿಳಿಯುತ್ತಲೇ ಇರುತ್ತದೆ, ಕೊಳ್ಳುವ ದಿನ ಒಮ್ಮೆ ನೋಡಿ.

ಇದರ ಪೆನ್ನಿಗೆ ಸಾಮಾನ್ಯವಾಗಿ ಬ್ಯಾಟರಿ ಇಲ್ಲ. ಹಲಗೆಯೊಳಗಿನ ತಂತಿಗಳ ಜಾಲ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಪೆನ್ನಿನ ಸುರುಳಿಗೆ ಬೇಕಾದಷ್ಟು ವಿದ್ಯುತ್ತು ಸಿಕ್ಕಿ, ತಾನೆಲ್ಲಿದ್ದೇನೆ, ಎಷ್ಟು ಒತ್ತಿದೆ ಎಂಬುದನ್ನು ಅದು ತಿರುಗಿ ತಿಳಿಸುತ್ತದೆ. ಚಾರ್ಜ್ ಮಾಡಲು ಮರೆತು ಅಭ್ಯಾಸ ತಪ್ಪುವ ಪ್ರಶ್ನೆಯೇ ಬಾರದು. ಹಲಗೆಗೆ ಬೇಕಾಗುವ ಅಲ್ಪ ವಿದ್ಯುತ್ತು ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲಿನಿಂದಲೇ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಡೀ ಸಂಜೆ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನಿಮ್ಮ ಕೆಲಸ ನಡೆಯುತ್ತದೆ. ನಮ್ಮ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ. ತುಲಾ ಮಾಸದ ಗುಡುಗು, ಏಪ್ರಿಲ್-ಮೇ ತಿಂಗಳ ಸಂಜೆಯ ಸಿಡಿಲು ಶುರುವಾದಾಗ ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತು, ಬ್ಯಾಟರಿಯಲ್ಲೇ ಮುಂದುವರಿಸಿ.

ಕಷ್ಟ ಎಲ್ಲಿದೆ ಎಂದರೆ, ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮೊದಲ ದಿನ ಹೆಸರು ಬರೆದರೂ ಅಕ್ಷರ ಸೊಟ್ಟಗೆ ಬರುತ್ತದೆ. ಬಹಳ ಮಂದಿ ಇಲ್ಲೇ ಬಿಟ್ಟುಬಿಡುತ್ತಾರೆ. ಮೌಸ್ ಹಿಡಿದಾಗಲೂ ನಾವು ಕೈಯನ್ನು ನೋಡದೆ ಪರದೆಯನ್ನೇ ನೋಡುತ್ತೇವಲ್ಲ, ಇದೂ ಹಾಗೆಯೇ ಒಗ್ಗುವಂಥದ್ದು. ದಿನವೂ ಕೂತರೆ ಕೆಲವು ವಾರಗಳಲ್ಲಿ ಕೈಯಿದೆ ಎಂಬುದೇ ಮರೆತುಹೋಗುತ್ತದೆ. ಒಗ್ಗಿದ ಮೇಲೆ ಒಂದು ಲಾಭವೂ ಉಂಟು: ಕೈ ಚಿತ್ರವನ್ನು ಮರೆಮಾಡುವುದಿಲ್ಲ, ಕತ್ತು ಬಗ್ಗುವುದಿಲ್ಲ, ಬೆನ್ನು ನೆಟ್ಟಗೆ ಇರುತ್ತದೆ. ದಿನವಿಡೀ ಬಗ್ಗಿ ದುಡಿದು ಬಂದವರ ಬೆನ್ನಿಗೆ ಇದರ ಬೆಲೆ ಗೊತ್ತು.

ಬೇಗ ಒಗ್ಗಬೇಕಾದರೆ ಕೊಂಡ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಹಲಗೆಯ ಮೇಲೆ ಒಂದು ನಾಣ್ಯವಿಟ್ಟು ಅದರ ಸುತ್ತ ಪೆನ್ನು ಓಡಿಸಿ. ಪರದೆಯಲ್ಲಿ ಬಂದದ್ದು ಗುಂಡಗಿದೆಯೇ, ಮೊಟ್ಟೆಯಾಕಾರವೇ? ಮೊಟ್ಟೆಯಾದರೆ ಹಲಗೆಯ ಉದ್ದಗಲದ ಅನುಪಾತ ಪರದೆಗೆ ಹೊಂದಿಲ್ಲ ಎಂದರ್ಥ. ಡ್ರೈವರಿನ ಸೆಟ್ಟಿಂಗಿನಲ್ಲಿ ಅನುಪಾತವನ್ನು ಸರಿಪಡಿಸಿ. ಇದನ್ನು ಬಿಟ್ಟರೆ ತಿಂಗಳುಗಟ್ಟಲೆ ನಿಮ್ಮ ಕೈ ತಪ್ಪನ್ನೇ ಕಲಿಯುತ್ತದೆ. ಆಮೇಲೆ ಒತ್ತಡದ ರೇಖೆ: ಬಲವಾಗಿ ಒತ್ತಿದರಷ್ಟೇ ಗೆರೆ ದಪ್ಪವಾಗುವ ಹಾಗಿದ್ದರೆ ಅದನ್ನು ಮೆದುವಾಗಿಸಿ, ಇಲ್ಲವಾದರೆ ಮಣಿಕಟ್ಟು ನೋಯುತ್ತದೆ. ವಿಂಡೋಸ್‌ನಲ್ಲಿ ಒತ್ತಡವೇ ಕೆಲಸ ಮಾಡದಿದ್ದರೆ ಪೆನ್ನು ಕೆಟ್ಟಿದೆ ಎಂದು ತಿಳಿಯಬೇಡಿ. ತಂತ್ರಾಂಶದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂಬ ಎರಡು ಆಯ್ಕೆ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಮಾರುವವರು ಒತ್ತಡದ ಮಟ್ಟಗಳ ಸಂಖ್ಯೆಯನ್ನು ದೊಡ್ಡದಾಗಿ ಹೇಳುತ್ತಾರೆ. ವಾಕಾಮ್‌ನ ಅಗ್ಗದ ಚಿಕ್ಕ ಮಾದರಿಯಲ್ಲಿ 2048, ಅದೇ ಬೆಲೆಯ ಹುಯಾನ್‌ನಲ್ಲಿ 8192. ಕೈಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಮೊದಲ ಗೆರೆ ಹುಟ್ಟಲು ಎಷ್ಟು ಹಗುರ ಒತ್ತಿದರೆ ಸಾಕು ಎಂಬುದು ಅದಕ್ಕಿಂತ ಮುಖ್ಯ. ಪೆನ್ಸಿಲಿನ ಹಾಗೆ ನವಿರು ಛಾಯೆ ಬರುವುದು ಅಲ್ಲಿಂದಲೇ.

ಅಳತೆಯ ವಿಚಾರದಲ್ಲಿ ಚಿಕ್ಕದು ಸಾಲದು ಎಂಬ ಹೆದರಿಕೆ ಬೇಡ. ಸುಮಾರು 6 ಇಂಚು ಅಗಲದ ಜಾಗ 14-15 ಇಂಚಿನ ಲ್ಯಾಪ್‌ಟಾಪಿಗೆ ಸರಿಹೋಗುತ್ತದೆ, ಮೇಜಿಲ್ಲದಿದ್ದರೆ ಮಡಿಲಲ್ಲೂ ಕೂರುತ್ತದೆ. ಉದ್ದ ಗೆರೆಗಳನ್ನು ಭುಜದಿಂದ ಎಳೆಯುವವರಿಗೆ, ದೊಡ್ಡ ಮಾನಿಟರ್ ಇರುವವರಿಗೆ 10 ಇಂಚಿನದ್ದು ಹಿತ. ಹುಯಾನ್, ಎಕ್ಸ್‌ಪಿ-ಪೆನ್‌ಗಳ ಹಲವು ಮಾದರಿಗಳು ಒಟಿಜಿ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಅಡಾಪ್ಟರ್) ಮೂಲಕ ಆಂಡ್ರಾಯ್ಡ್ ಫೋನಿಗೂ ಸೇರುತ್ತವೆ. ಆಗ ಹಲಗೆಯ ಒಂದು ಭಾಗ ಮಾತ್ರ ಕೆಲಸ ಮಾಡುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಒತ್ತಡ ಸಿಗುವ ಅತಿ ಅಗ್ಗದ ದಾರಿ ಇದು. ಕೊಳ್ಳುವ ಮುಂಚೆ ನಿಮ್ಮ ಫೋನಿಗೆ ಸೇರುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಅನುಕೂಲ ಇದೆ. ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲಿಗೆ, ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಒದಗಿಸುವ ಉಬುಂಟು ಆಧಾರಿತ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಬಳಕೆಯಲ್ಲಿದೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೂ ಜಿಂಪ್, ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶಗಳ ಹೆಸರು ಐಸಿಟಿ (ಕಂಪ್ಯೂಟರ್) ಪಾಠದಿಂದಲೇ ಗೊತ್ತು. 2018ರಲ್ಲಿ ಶುರುವಾದ ಲಿಟಲ್ ಕೈಟ್ಸ್ ಎಂಬ ಶಾಲಾ ಕ್ಲಬ್ಬಿನಲ್ಲಿ ಆನಿಮೇಶನ್ ಕಲಿತ ಮಕ್ಕಳೂ ಇದ್ದಾರೆ. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಲಿನಕ್ಸ್ ಇದ್ದರೆ ಪೆನ್ ಟ್ಯಾಬ್ಲೆಟ್ ಹಾಕಲು ಹಿಂಜರಿಯಬೇಡಿ. ವಾಕಾಮ್‌ಗೆ ಬೇಕಾದ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲಿನಲ್ಲೇ ಇದೆ, ಚುಚ್ಚಿದ ಕೂಡಲೇ ಕೆಲಸ ಶುರು. ಹುಯಾನ್, ಎಕ್ಸ್‌ಪಿ-ಪೆನ್ ಕೂಡ ತಮ್ಮ ಲಿನಕ್ಸ್ ಡ್ರೈವರುಗಳನ್ನು ಕೊಡುತ್ತವೆ.

ಪೆನ್ನಿರುವ ಟ್ಯಾಬು

ಕಂಪ್ಯೂಟರ್ ಇಲ್ಲ, ಅಥವಾ ಇದ್ದರೂ ಮನೆಯಲ್ಲಿ ನಾಲ್ಕು ಜನ ಹಂಚಿಕೊಳ್ಳುತ್ತಾರೆ, ಕೂರಲು ಒಂದು ನಿಶ್ಚಿತ ಮೇಜಿಲ್ಲ, ಜಗಲಿಯಲ್ಲೋ ಮಂಚದ ಮೇಲೋ ಬಿಡಿಸಬೇಕು ಅನ್ನುವವರಿಗೆ ಟ್ಯಾಬೇ ಸರಿ. ಇಲ್ಲಿ ಎರಡು ದಾರಿ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ 2020ರಲ್ಲಿ ಬಂತು, 2024ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. 10.4 ಇಂಚಿನ ಪರದೆ, ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ, ಆ ಪೆನ್ನಿಗೆ ಚಾರ್ಜ್ ಬೇಡ. ಹವ್ಯಾಸಿಗೆ ಇದಕ್ಕಿಂತ ಒಗ್ಗುವ ಟ್ಯಾಬು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಬೆಲೆ ಸುಮಾರು 25,000-30,000ದ ಒಳಗೆ. ಬಹಳ ದೊಡ್ಡ ಕ್ಯಾನ್‌ವಾಸಿನಲ್ಲಿ ಹತ್ತಾರು ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಪದರ) ಹಾಕಿದರೆ ಅದು ಮಂದವಾಗುತ್ತದೆ, ನಿಜ. ಆದರೆ 20 ನಿಮಿಷದ ಅಭ್ಯಾಸಕ್ಕೆ ಹತ್ತಾರು ಲೇಯರ್ ಯಾಕೆ ಬೇಕು? ಮೂರು ಲೇಯರಿನಲ್ಲಿ ಮುಗಿಸುವುದೇ ಒಳ್ಳೆಯ ಕಟ್ಟುಪಾಡು. ಒನ್‌ಪ್ಲಸ್, ಶವೋಮಿ ಟ್ಯಾಬುಗಳ ಪರದೆ ಚೆನ್ನಾಗಿದೆ, ವೇಗವೂ ಇದೆ. ಪೆನ್ನನ್ನು ಮಾತ್ರ ಬೇರೆ ಕೊಳ್ಳಬೇಕು, ಚಾರ್ಜ್ ಮಾಡಬೇಕು. ಟ್ಯಾಬಿನ ಬೆಲೆ ನೋಡುವಾಗ ಪೆನ್ನಿನ ಬೆಲೆಯನ್ನೂ ಕೂಡಿಸಿಯೇ ನೋಡಿ.

ಇನ್ನು ಐಪ್ಯಾಡ್. ಪೆನ್ನಿನ ಸ್ಪಂದನ, ಪ್ರೊಕ್ರಿಯೇಟ್ ಎಂಬ ಆಪು, ಎರಡೂ ಸೇರಿದರೆ ಬಿಡಿಸುವ ಸುಖ ಬೇರೆಯೇ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ತಯಾರಾಗುವ ಪ್ರೊಕ್ರಿಯೇಟ್ 2011ರಿಂದ ಇದೆ. ಒಮ್ಮೆ ದುಡ್ಡು ಕೊಟ್ಟರೆ ಸಾಕು, ತಿಂಗಳ ಬಾಡಿಗೆ ಇಲ್ಲ. ಆದರೆ ಪೆನ್ಸಿಲ್ ಕೊಳ್ಳುವಲ್ಲಿ ಒಂದು ಹೊಂಡ ಇದೆ, ಅದನ್ನು ತಿಳಿಯದೆ ಹೋಗಬೇಡಿ. ಆಪಲ್ ಪೆನ್ಸಿಲ್‌ನಲ್ಲಿ ನಾಲ್ಕು ಬಗೆ: 2015ರ ಮೊದಲನೆಯದು, 2018ರ ಎರಡನೆಯದು, 2023ರ ಯುಎಸ್‌ಬಿ-ಸಿ, 2024ರ ಪ್ರೋ. ಇವುಗಳಲ್ಲಿ ಯುಎಸ್‌ಬಿ-ಸಿ ಪೆನ್ಸಿಲಿಗೆ ಒತ್ತಡ ಗುರುತಿಸುವ ಶಕ್ತಿ ಇಲ್ಲ. ಎಲ್ಲಕ್ಕಿಂತ ಅಗ್ಗ ಎಂದು ಅದನ್ನೇ ತಂದರೆ ಟಿಪ್ಪಣಿ ಬರೆಯಬಹುದು, ಛಾಯೆ ಬಿಡಿಸಲಾಗದು. ಸಾದಾ ಐಪ್ಯಾಡಿನ ಹತ್ತನೆಯ ಪೀಳಿಗೆ, 2025ರ ಎ16 ಎರಡಕ್ಕೂ ಒತ್ತಡ ಬೇಕಾದರೆ ಮೊದಲ ಪೀಳಿಗೆಯ ಪೆನ್ಸಿಲ್ ಬೇಕು, ಅದನ್ನು ಜೋಡಿಸಲು ಒಂದು ಅಡಾಪ್ಟರ್ ಬೇಕು. ಎಲ್ಲ ಸೇರಿ 45,000ದ ಆಸುಪಾಸಿಗೆ ಹೋಗುತ್ತದೆ. ಐಪ್ಯಾಡ್ ಏರ್ ಮತ್ತು ಪೆನ್ಸಿಲ್ ಪ್ರೋ ಜೋಡಿ 70,000 ದಾಟುತ್ತದೆ. ಯಾವ ಐಪ್ಯಾಡಿಗೆ ಯಾವ ಪೆನ್ಸಿಲ್ ಎಂಬುದನ್ನು ಅಂಗಡಿಯವರ ಬಾಯಿಮಾತಿಗೆ ಬಿಡದೆ ಆಪಲ್‌ನ ಪಟ್ಟಿಯಲ್ಲೇ ನೋಡಿಕೊಳ್ಳಿ.

ಅಷ್ಟು ಹಣ ಹಾಕಬಹುದೇ? ಒಂದು ವರ್ಷ ಯಾವುದಾದರೂ ಸಾಧನದಲ್ಲಿ ಬಿಡದೆ ಬಿಡಿಸಿದವರಿಗೆ ಹಾಕಬಹುದು ಎನ್ನುತ್ತೇನೆ. ಇನ್ನೂ ಶುರುಮಾಡದವರಿಗೆ ಬೇಡ. ದುಬಾರಿ ಸಾಧನ ಬಂದ ಮೇಲೆ ಪ್ರತಿ ಚಿತ್ರವೂ ಚೆನ್ನಾಗಿರಬೇಕು ಎಂಬ ಭಾರ ಬರುತ್ತದೆ, ಆ ಭಾರಕ್ಕೆ ಅಭ್ಯಾಸ ನಿಂತುಹೋಗುವುದನ್ನು ನೋಡಿದ್ದೇನೆ.

ಟ್ಯಾಬುಗಳ ನಿಜವಾದ ಗೆಲುವು ಇರುವುದು ಹೊರಗೆ. ರಾತ್ರಿ ಬಯಲಾಟದ ಮುಂದೆ ಕೂತು ಬಿಡಿಸಲು ಕಾಗದಕ್ಕೆ ಬೆಳಕು ಬೇಕು, ಟ್ಯಾಬಿಗೆ ಬೇಡ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ತೆಂಕುತಿಟ್ಟಿನ ಆಟಕ್ಕೆ ಕೊರತೆಯಿಲ್ಲ. ಬಣ್ಣದ ವೇಷ ರಂಗಕ್ಕೆ ಬಂದಾಗ ಕಿರೀಟದ ಹೊರರೇಖೆ, ತೋಳು ಚಾಚಿದ ಅಗಲ, ಇಷ್ಟನ್ನೇ ಹಿಡಿಯಲು ನೋಡಿ. ಮುಖದ ಮೇಲಿನ ಚುಟ್ಟಿಯ ಬಿಂದುಗಳನ್ನು ಬಿಡಿಸಲು ಹೋದರೆ ವೇಷ ಬಣ್ಣದ ಚೌಕಿಗೆ ಮರಳಿರುತ್ತದೆ. ಪರದೆಯ ಬೆಳಕನ್ನು ತೀರಾ ತಗ್ಗಿಸಿ, ಕಪ್ಪು ಹಿನ್ನೆಲೆಯ ಮೇಲೆ ತಿಳಿ ಬಣ್ಣದಲ್ಲಿ ಬಿಡಿಸಿ, ಹಿಂದೆ ಕೂತವರ ಕಣ್ಣಿಗೆ ಹೊಡೆಯಬಾರದು. ತೆಯ್ಯಂ, ಕೋಲಗಳಲ್ಲಿ ಮೊದಲು ಕೇಳಿ, ದೂರ ಕೂತು, ಬೇಡ ಎಂದರೆ ಮುಚ್ಚಿಡಿ. ಅದು ಪ್ರದರ್ಶನವಲ್ಲ, ಆರಾಧನೆ.

ಹಗಲು ಬೇಕಲ ಕೋಟೆಗೆ ಟ್ಯಾಬು ಹಿಡಿದು ಹೋದರೆ ಕಥೆ ತಿರುಗುತ್ತದೆ. ಸಮುದ್ರದ ಕಡೆಯ ಬಿಸಿಲಿಗೆ ಪರದೆ ಕನ್ನಡಿಯಾಗುತ್ತದೆ. 40 ಎಕರೆ ಹರಡಿದ ಆ ಕೋಟೆಯಲ್ಲಿ ನೆರಳು ಸಿಗುವ ಜಾಗ ಹುಡುಕಬೇಕು, ಇಲ್ಲವೇ ಬೆಳಗ್ಗೆ ಬೇಗ ಹೋಗಬೇಕು. ಕರಾವಳಿಯ ಸೆಕೆಗೆ ಅಂಗೈ ಬೆವತು ಗಾಜಿಗೆ ಅಂಟುವುದೂ ದೊಡ್ಡ ಕಿರಿಕಿರಿ. ಎರಡು ಬೆರಳಿನ ಕೈಗವಸು ನೂರಿನ್ನೂರು ರೂಪಾಯಿಗೆ ಸಿಗುತ್ತದೆ, ಕಿರುಬೆರಳು ಮತ್ತು ಅಂಗೈಯ ಅಂಚನ್ನು ಮುಚ್ಚುತ್ತದೆ. ಹಳೆಯ ಕಾಲುಚೀಲದ ತುದಿ ಕತ್ತರಿಸಿಯೂ ಮಾಡಿಕೊಳ್ಳಬಹುದು. ಗಾಜು ಜಾರುತ್ತದೆ ಎಂದು ಕಾಗದದಂಥ ಹಾಳೆ ಅಂಟಿಸುವವರು ಪೆನ್ನಿನ ತುದಿ ಬೇಗ ಸವೆಯುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಪರದೆಯಿರುವ ಪೆನ್ ಡಿಸ್‌ಪ್ಲೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರೂ ಬೇಕು, ಸಾಮಾನ್ಯವಾಗಿ ಬೇರೆ ವಿದ್ಯುತ್ತೂ ಬೇಕು, ಮೇಜಿನ ಮೇಲೆ ಖಾಯಂ ಜಾಗವೂ ಬೇಕು. ಗೆರೆ ಬೀಳುವ ತನಕದ ಹೊತ್ತು ಎಲ್ಲಕ್ಕಿಂತ ಹೆಚ್ಚು. ಮುಂದೆ ಚಿತ್ರವೇ ದುಡಿಮೆಯಾದರೆ ಯೋಚಿಸಿ.

ಕಾಗದವನ್ನು ಬಿಡಬೇಕೇ?

ಬೇಡ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿ ಮಳೆಗಾಲ ಹಿಡಿದ ಮೇಲೆ ನಮ್ಮಲ್ಲಿ ಜಲವರ್ಣದ ಕಾಗದ ಇಡುವುದೇ ಕಷ್ಟ. ತೇವಕ್ಕೆ ಬೂಷ್ಟು ಹಿಡಿದು, ಕಾಗದದ ಮೇಲಿನ ಅಂಟಿನ ಲೇಪ ಸತ್ತು, ಬಣ್ಣ ಕಲೆಕಲೆಯಾಗಿ ಹೀರಿಕೊಳ್ಳುತ್ತದೆ. ಆ ನಾಲ್ಕು ತಿಂಗಳು ಒಳಗೆ ಕೂತು ಪೆನ್ ಟ್ಯಾಬ್ಲೆಟ್ ಕಲಿಯಲು ಪ್ರಶಸ್ತ. ಆದರೂ ಬಾಲ್ ಪೆನ್ನು ಮತ್ತು ಅಗ್ಗದ ನೋಟುಪುಸ್ತಕ ಜೊತೆಗಿರಲಿ. ಡಿಜಿಟಲ್‌ನಲ್ಲಿ ಎರಡು ಬೆರಳು ತಟ್ಟಿದರೆ ತಪ್ಪು ಗೆರೆ ಮಾಯ. ಅದರಿಂದಾಗಿ ಒಂದೇ ಗೆರೆಯನ್ನು ಹತ್ತು ಸಲ ಎಳೆದು ಅಳಿಸುವ ಚಾಳಿ ಬೆಳೆಯುತ್ತದೆ. ಅಳಿಸಲಾಗದ ಪೆನ್ನಿನಲ್ಲಿ ಬಿಡಿಸುವವರು ಎಳೆಯುವ ಮುಂಚೆ ನೋಡುವುದನ್ನು ಕಲಿಯುತ್ತಾರೆ. ವಾರದಲ್ಲಿ ಒಂದೆರಡು ದಿನ ಕಾಗದಕ್ಕೆ ಕೊಡಿ.

ತಂತ್ರಾಂಶ

ಲ್ಯಾಪ್‌ಟಾಪಿನಲ್ಲಿ ಕ್ರಿಟಾ ಸಾಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಉಚಿತ, ಮುಕ್ತ ತಂತ್ರಾಂಶ, ಬಣ್ಣ ಹಚ್ಚುವವರಿಗಾಗಿಯೇ ಮಾಡಿದ್ದು. ಜಿಂಪ್ ಫೋಟೊ ತಿದ್ದಲು ಚೆನ್ನ, ಬಿಡಿಸಲು ಕ್ರಿಟಾದ ಬ್ರಷ್ಷುಗಳ ಮುಂದೆ ನಿಲ್ಲದು. ಕ್ರಿಟಾದ ಐದನೆಯ ಆವೃತ್ತಿಯಿಂದ ಬಿಡಿಸುವ ಕ್ರಮವನ್ನು ರೆಕಾರ್ಡ್ ಮಾಡುವ ಸೌಲಭ್ಯವೂ ಇದೆ. ಆಂಡ್ರಾಯ್ಡ್ ಟ್ಯಾಬಿನಲ್ಲಿ ಐಬಿಸ್ ಪೇಂಟ್ ಅಥವಾ ಸ್ಕೆಚ್‌ಬುಕ್‌ನಿಂದ ಶುರುಮಾಡಿ. ಸ್ಕೆಚ್‌ಬುಕ್ ಸರಳ, ಪೆನ್ಸಿಲ್ ಗೆರೆಗೆ ಹಿತ. ಕಾಮಿಕ್ಸ್ ಮಾಡುವ ಮನಸ್ಸಿದ್ದರೆ ಕ್ಲಿಪ್ ಸ್ಟುಡಿಯೊ ಪೇಂಟ್ ನೋಡಬಹುದು, ಟ್ಯಾಬಿನಲ್ಲಿ ಅದಕ್ಕೆ ಚಂದಾ ಕಟ್ಟುತ್ತಿರಬೇಕು. ಗೆರೆಯನ್ನು ತಾನೇ ನಯಗೊಳಿಸುವ ಸ್ಟೆಬಿಲೈಜರ್ ಎಲ್ಲದರಲ್ಲೂ ಇದೆ. ಅಭ್ಯಾಸದ ಹೊತ್ತಿನಲ್ಲಿ ಅದನ್ನು ಕಡಿಮೆ ಇಡಿ, ಕಲಿಯಬೇಕಾದ್ದು ನಿಮ್ಮ ಕೈ.

ನಮ್ಮ ಊರಿನವರಿಗೆ ಮಾತ್ರ ಎದುರಾಗುವ ಒಂದು ಅಗತ್ಯ ಇದೆ. ಚಿತ್ರ ಬಿಡಿಸುವವರು ಎಂದು ಗೊತ್ತಾದರೆ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ, ಜಾತ್ರೆಗೆ ಪೋಸ್ಟರ್ ಮಾಡಿಕೊಡಿ ಎಂದು ಬರುತ್ತಾರೆ, ಅದೂ ಕನ್ನಡ, ಮಲಯಾಳ ಎರಡರಲ್ಲೂ. ಎಲ್ಲ ಚಿತ್ರ ತಂತ್ರಾಂಶಗಳೂ ಒತ್ತಕ್ಷರವನ್ನು ಸರಿಯಾಗಿ ಕೂರಿಸುವುದಿಲ್ಲ, ಅಕ್ಷರ ಒಡೆದು ಸಾಲಾಗಿ ನಿಲ್ಲುವುದುಂಟು. ಇಂಕ್‌ಸ್ಕೇಪ್ ಮತ್ತು ಜಿಂಪ್ ಯುನಿಕೋಡ್ ಫಾಂಟಿನಲ್ಲಿ ಎರಡೂ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತವೆ. ಫೋಟೊಶಾಪಿನಲ್ಲಿ ಅಕ್ಷರದ ಸೆಟ್ಟಿಂಗನ್ನು ವರ್ಲ್ಡ್-ರೆಡಿಗೆ ಬದಲಿಸಬೇಕು. ಚಿತ್ರವನ್ನು ನಿಮಗೆ ಬೇಕಾದಲ್ಲಿ ಬಿಡಿಸಿ, ಅಕ್ಷರವನ್ನು ಇಂಕ್‌ಸ್ಕೇಪಿನಲ್ಲಿ ಹಾಕಿ. ಅಚ್ಚಿಗೆ ಹೋಗುವುದಾದರೆ ಎ4 ಅಳತೆಗೆ 300 ಡಿಪಿಐಯಲ್ಲಿ (ಒಂದು ಇಂಚಿಗೆ 300 ಚುಕ್ಕೆ) 2480 ಅಡ್ಡ, 3508 ಉದ್ದ ಪಿಕ್ಸೆಲ್ ಬೇಕು, ಶುರುವಿನಲ್ಲೇ ಇಟ್ಟುಕೊಳ್ಳಿ. ಇಂಥ ಕೆಲಸ ಆಗಾಗ ಬರುವವರು ಟ್ಯಾಬಿಗಿಂತ ಲ್ಯಾಪ್‌ಟಾಪ್ ದಾರಿಯನ್ನೇ ಹಿಡಿಯುವುದು ಮೇಲು.

ಸಾಧನಕ್ಕೆ ತಕ್ಕ ಅಭ್ಯಾಸ

ಪೆನ್ ಟ್ಯಾಬ್ಲೆಟ್ ಹೊಸದಾಗಿ ಕೊಂಡವರು ಅಡಿಕೆ ಮರದಿಂದ ಶುರುಮಾಡಿ. ಉದ್ದನೆಯ ನೇರ ಗೆರೆ ಎರಡು, ನಡುವೆ ಬಳೆಬಳೆಯಾಗಿ ಬಾಗಿದ ಗುರುತುಗಳು. ಕಣ್ಣಿನ ಮಟ್ಟಕ್ಕಿಂತ ಮೇಲಿನ ಬಳೆ ಮೇಲಕ್ಕೆ ಬಾಗುತ್ತದೆ, ಕೆಳಗಿನದು ಕೆಳಕ್ಕೆ. ಒಂದೇ ಮರದಲ್ಲಿ ಗೆರೆಯ ಹಿಡಿತವೂ ಪರ್ಸ್ಪೆಕ್ಟಿವ್ ಪಾಠವೂ ಸಿಗುತ್ತದೆ. ಒತ್ತಡ ಕಲಿಯಲು ಮುರಕಲ್ಲಿನ ಗೋಡೆ ಒಳ್ಳೆಯದು, ಅದರ ತೂತುಗಳ ನೆರಳನ್ನು ಒಂದೇ ಬ್ರಷ್ಷಿನಲ್ಲಿ ಒತ್ತಡದಿಂದಲೇ ತರಬೇಕು. ಕೈ ಪಳಗಿದ ಮೇಲೆ ಮಧೂರು ದೇವಸ್ಥಾನದ ಗಜಪೃಷ್ಠ ಮಾಡನ್ನು ಬಿಡಿಸಿ ನೋಡಿ. ಆನೆಯ ಬೆನ್ನಿನ ಹಾಗೆ ಬಾಗಿ ಮೂರು ಅಂತಸ್ತಿನಲ್ಲಿ ಏರುವ ಆ ಮಾಡು ಯಾವ ಕೋನದಿಂದಲೂ ಸುಲಭಕ್ಕೆ ಬಗ್ಗುವುದಿಲ್ಲ, ಕಲಿಸದೆಯೂ ಬಿಡುವುದಿಲ್ಲ.

ಟ್ಯಾಬಿನವರು, ಫೋನಿನವರು ಛಾಯೆಯನ್ನು ಕಲಿಯಲು ತೆಯ್ಯಂ ಮುಖವನ್ನು ಫೋಟೊದಿಂದ ತೆಗೆದುಕೊಳ್ಳಿ. ಕೆಂಪು ಉರಿಯುತ್ತಿರುವ ಹಾಗೆ ಕಂಡರೂ ಕಪ್ಪು-ಬಿಳುಪಿಗೆ ತಿರುಗಿಸಿದರೆ ಶುದ್ಧ ಕೆಂಪು ನಾವೆಣಿಸಿದ್ದಕ್ಕಿಂತ ಎಷ್ಟೋ ಗಾಢ, ಹಳದಿ ಹೆಚ್ಚುಕಡಿಮೆ ಬಿಳಿಗೇ ಹತ್ತಿರ. ಎಲ್ಲಕ್ಕಿಂತ ಮೇಲೆ ಒಂದು ಕಪ್ಪು ಲೇಯರ್ ಹಾಕಿ ಅದು ಕೆಳಗಿನ ಪದರಗಳೊಂದಿಗೆ ಬೆರೆಯುವ ಬಗೆಯನ್ನು (ಬ್ಲೆಂಡ್ ಮೋಡ್) ಕಲರ್ ಎಂದು ಬದಲಿಸಿದರೆ ಚಿತ್ರ ಬೂದುಬಣ್ಣದಲ್ಲಿ ಕಾಣುತ್ತದೆ. ಕ್ರಿಟಾ, ಐಬಿಸ್ ಪೇಂಟ್, ಪ್ರೊಕ್ರಿಯೇಟ್ ಮೂರರಲ್ಲೂ ಇದು ಆಗುತ್ತದೆ. ಬಿಡಿಸುತ್ತಾ ಆ ಲೇಯರನ್ನು ಆಗಾಗ ತೆರೆದು ಮುಚ್ಚಿ ನೋಡಿ.

ಇನ್ನು ಒಂದೊಂದೇ ಮಾತಿನಲ್ಲಿ: ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಚಿಕ್ಕ ಪೆನ್ ಟ್ಯಾಬ್ಲೆಟ್ ಮತ್ತು ಕ್ರಿಟಾ. ಪೆರ್ಲ, ಮುಳ್ಳೇರಿಯದ ಒಳಗಿನ ಮನೆಯಲ್ಲಿ ಕಂಪ್ಯೂಟರಿಲ್ಲದೆ ಇರುವವರಿಗೆ ಎಸ್ ಪೆನ್ ಇರುವ ಟ್ಯಾಬು. ರೈಲಿನಲ್ಲೇ ಬಿಡುವು ಸಿಗುವವರಿಗೆ ಫೋನು, ಲ್ಯಾಸೊ. ವರ್ಷಗಟ್ಟಲೆ ಬಿಡಿಸಿ, ಇನ್ನೂ ಬಿಡಲಾಗದವರಿಗೆ ಐಪ್ಯಾಡ್.

ಹಳೆಯದನ್ನು ಕೊಳ್ಳುವುದೂ ಒಳ್ಳೆಯ ದಾರಿ. ಪೆನ್ ಟ್ಯಾಬ್ಲೆಟ್ ಬೇಗ ಕೆಡುವ ವಸ್ತುವಲ್ಲ, ಆಸೆಯಿಂದ ಕೊಂಡು ಮೂಲೆಗಿಟ್ಟವರು ಊರೂರಲ್ಲಿ ಇದ್ದಾರೆ. ದುಡ್ಡು ಕೊಡುವ ಮುಂಚೆ ಸ್ಕೇಲು ಇಟ್ಟು ಮೂಲೆಯಿಂದ ಮೂಲೆಗೆ ಓರೆಗೆರೆಗಳನ್ನು ಬಹಳ ನಿಧಾನವಾಗಿ ಎಳೆದು ನೋಡಿ. ಬೇಗ ಎಳೆದರೆ ದೋಷ ಕಾಣುವುದಿಲ್ಲ. ಗೆರೆ ಅಲೆಅಲೆಯಾಗಿ ನಡುಗಿದರೆ, ಅಥವಾ ಒಂದೇ ಜಾಗದಲ್ಲಿ ಪ್ರತಿ ಸಲ ಕಡಿದರೆ ಬಿಟ್ಟುಬಿಡಿ. ಕೇಬಲ್ ಚುಚ್ಚುವ ಕಿಂಡಿ ಸಡಿಲವಾಗಿದೆಯೇ ಎಂದು ಅಲ್ಲಾಡಿಸಿ ನೋಡಿ. ಪೆನ್ನು ಅದೇ ಮಾದರಿಯದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಒಂದು ಮಾದರಿಯ ಪೆನ್ನು ಇನ್ನೊಂದಕ್ಕೆ ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ಬದಲಿ ತುದಿಗಳಿದ್ದರೆ ಅವನ್ನೂ ಕೇಳಿ ಪಡೆಯಿರಿ.